ಉಣ್ಣದ ದಿನದ ಸೂಜಿ

ಮೇಷ್ಟರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳುಗಳ ತುದಿಯಲ್ಲಿ, ಉಗುರಿನ ಸುತ್ತ, ಕಂದುಬಣ್ಣದ ಸುಟ್ಟ ಕಲೆಯಿತ್ತು. ಹೊಸಬರು ಅದನ್ನು ಬೀಡಿಯ ಕಲೆಯೆಂದು ತಿಳಿಯುತ್ತಿದ್ದರು. ಅವರು ಬೀಡಿ ಮುಟ್ಟಿದವರಲ್ಲ. ಅದು ಕಡಲೆಕಾಯಿಯಿಂದ ಬಂದ ಕಲೆ. ಒಂಬತ್ತನೆಯ ತರಗತಿಗೆ ಆಹಾರದ ಪಾಠ ಮಾಡುವಾಗ ಅವರು ಸುಲಿದ ಕಡಲೆಬೀಜವೊಂದನ್ನು ಗುಂಡುಸೂಜಿಗೆ ಚುಚ್ಚಿ, ಅದಕ್ಕೆ ಬೆಂಕಿ ಹಚ್ಚಿ, ನೀರು ತುಂಬಿದ ಗಾಜಿನ ನಳಿಕೆಯ ಕೆಳಗೆ ಹಿಡಿಯುತ್ತಿದ್ದರು. ನೀರಿನಲ್ಲಿ ಗುಳ್ಳೆ ಏಳುವವರೆಗೆ ಸೂಜಿಯನ್ನು ಕೆಳಗಿಡುತ್ತಿರಲಿಲ್ಲ. ಒಂದು ಬೀಜ ಸಾಲದಿದ್ದರೆ ಎರಡನೆಯದು, ಅದೂ ಸಾಲದಿದ್ದರೆ ಮೂರನೆಯದು. ಬೆರಳು ಸುಡುತ್ತಿರುವುದು ಮಕ್ಕಳಿಗೆ ಕಾಣುತ್ತಿತ್ತು, ಅವರಿಗೆ ಕಾಣುತ್ತಿರಲಿಲ್ಲ.

“ನೋಡ್ರಲಾ, ಒಂದೇ ಒಂದು ಕಳ್ಳೇಬೀಜ. ಇದ್ರೊಳಗೆ ಇಷ್ಟು ಬೆಂಕಿ ಅದೆ. ಬೆಳಿಗ್ಗೆ ಹಿಡಿ ತುಂಬ ತಿಂದ್ಕಂಡು ಬಂದ್ಯಲ್ಲ, ಆ ಬೆಂಕಿ ಎಲ್ಲೋಯ್ತು, ಹೇಳು?”

“ಒಟ್ಟೆ ಉರೀತದೆ ಸಾ!” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗುತ್ತಿದ್ದ.

“ನಿಂಗೆ ಹೊಟ್ಟೆ ಉರಿಯೋದು ಪಕ್ಕದವನ ಮಾರ್ಕ್ಸು ನೋಡಿ ಕಣ್ಲಾ. ಇದು ಬೇರೆ ಉರಿ. ಕೂತ್ಕೋ.”

ಬೆಟ್ಟದಪುರದ ಪ್ರೌಢಶಾಲೆಯಲ್ಲಿ ಅವರು ವಿಜ್ಞಾನದ ಮೇಷ್ಟರು. ನಾನು ಕನ್ನಡ ಉಪಾಧ್ಯಾಯಿನಿ. ಅರವತ್ತರ ದಶಕದ ನಡುವಿನ ಮಾತು. ಶಾಲೆಯ ಹಿತ್ತಲಿಗೆ ಅಂಟಿಕೊಂಡಂತೆ ಒಂದೇ ಗೋಡೆಯನ್ನು ಹಂಚಿಕೊಂಡ ಎರಡು ಬಾಡಿಗೆ ಮನೆಗಳಿದ್ದವು. ಒಂದರಲ್ಲಿ ನಾನೂ ನನ್ನ ತಾಯಿಯೂ ಇದ್ದೆವು. ಇನ್ನೊಂದರಲ್ಲಿ ಅವರು, ಅವರ ಹೆಂಡತಿ ಮತ್ತು ಒಬ್ಬಳೇ ಮಗಳು ಮಂಜುಳ. ಅವರು ಕೃಷ್ಣರಾಜನಗರದ ಕಡೆಯ ಒಕ್ಕಲು ಮನೆತನದವರು; ಹೆಂಡತಿ ಸರಗೂರಿನವರು. ನಾನು ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಆಕೆ ನನ್ನನ್ನು ಟೀಚರಮ್ಮ ಎನ್ನುತ್ತಿದ್ದರು.

ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವ ಪುಸ್ತಕಗಳು ಆಗತಾನೆ ನಮ್ಮ ಶಾಲೆಗೆ ಬರತೊಡಗಿದ್ದವು. ‘ಚಯಾಪಚಯ’ ಎಂಬ ಪದವನ್ನು ಮೊದಲ ಬಾರಿಗೆ ಕಂಡ ದಿನ ಅವರು ಪುಸ್ತಕವನ್ನು ನನ್ನ ಮೇಜಿನ ಮೇಲೆ ತಂದಿಟ್ಟರು.

“ಏನ್ ಮೇಡಂ ಇದು? ಇದ್ನ ಬಾಯಲ್ಲಿ ಹೇಳಿ ಮುಗಿಸೋ ಅಷ್ಟೊತ್ಗೆ ಬೆಳಿಗ್ಗೆ ತಿಂದಿದ್ದು ಅರಗೋಗ್ತದೆ ಕಣ್ರೀ.”

ಚಯವೆಂದರೆ ಕೂಡಿಡುವುದು, ಅಪಚಯವೆಂದರೆ ಕರಗಿಸುವುದು, ಎರಡೂ ಸೇರಿದಾಗ ಸವರ್ಣದೀರ್ಘ ಸಂಧಿಯಾಗಿ ಚಯಾಪಚಯವಾಗುತ್ತದೆ ಎಂದು ನಾನು ಬಿಡಿಸಿ ಹೇಳಿದೆ. ಅವರು ತಲೆದೂಗಿದರು. “ಅಂದ್ರೆ ಕಟ್ಟೋದು, ಕೆಡವೋದು. ಎರಡೂ ಒಂದೇ ಮನೇಲಿ, ಒಂದೇ ಹೊತ್ನಲ್ಲಿ. ಹಂಗೇ ಹೇಳಿದ್ರಾಯ್ತು, ಮಕ್ಕಳಿಗೆ ಸಂಧಿ ಯಾಕೆ?” ನಾನು ಸಂಧಿಯೂ ಬೇಕೆಂದೆ. ಅವರು ನಕ್ಕು ಹೋದರು. ಆದರೆ ಮರುದಿನ ಕರಿಹಲಗೆಯ ಮೇಲೆ ಪದವನ್ನು ಬಿಡಿಸಿ ಬರೆದಿದ್ದರು, ಸಂಧಿಯ ಹೆಸರನ್ನೂ ಸೇರಿಸಿ.

ಪಾಠವನ್ನು ಅವರು ಊರಿನಿಂದಲೇ ಎತ್ತಿಕೊಳ್ಳುತ್ತಿದ್ದರು. ಸುತ್ತ ಹೊಗೆಸೊಪ್ಪಿನ ಊರುಗಳು. ಹಸಿ ಎಲೆಯನ್ನು ಬಿಸಿಯಲ್ಲಿ ಒಣಗಿಸುವ ಎತ್ತರದ ಗೂಡುಮನೆಗಳನ್ನು ಎಲ್ಲರೂ ಬ್ಯಾರನ್ ಎನ್ನುತ್ತಾರೆ. ಎಲೆ ಒಳಗಿರುವಷ್ಟು ದಿನ ಅದರ ಒಲೆ ಆರುವಂತಿಲ್ಲ. ಸೌದೆ ಇಕ್ಕುವವನು ಅಲ್ಲಿಯೇ ಮಲಗಿ ಅಲ್ಲಿಯೇ ಏಳುತ್ತಾನೆ. ತರಗತಿಯ ಅರ್ಧದಷ್ಟು ಮಕ್ಕಳು ಆ ಒಲೆಗೆ ಸೌದೆ ಹೊತ್ತವರೇ. ಅವರಿಗೆ ಮೇಷ್ಟರು ಹೇಳುತ್ತಿದ್ದದ್ದು ಇದು: ನಮ್ಮ ಮೈಯೂ ಒಂದು ಬ್ಯಾರನ್. ಮುದ್ದೆ, ಅನ್ನ, ಬೆಲ್ಲ ಇವೆಲ್ಲ ಪುಳ್ಳೆಗಳು. ಬೇಗ ಹತ್ತುತ್ತವೆ, ಬೇಗ ಮುಗಿಯುತ್ತವೆ. ಎಣ್ಣೆ, ತುಪ್ಪ, ಕೊಬ್ಬುಗಳು ಹುಣಸೆಯ ಕೊರಡು. ಹತ್ತುವುದು ನಿಧಾನ, ಹತ್ತಿದರೆ ಬಹಳ ಹೊತ್ತು ಉರಿಯುತ್ತದೆ, ಆದರೆ ಪುಳ್ಳೆಯ ಉರಿ ಜೊತೆಗಿಲ್ಲದೆ ಕೊರಡನ್ನೇ ತುರುಕಿದರೆ ಕೆಟ್ಟ ಹೊಗೆ ತುಂಬುತ್ತದೆ. ಕಾಳು, ಹಾಲು, ಮೊಟ್ಟೆಗಳ ಸಸಾರಜನಕವೆಂದರೆ ಮನೆಯ ತೊಲೆ, ಕಂಬ, ಬಾಗಿಲು. ಅದು ಉರಿಸುವುದಕ್ಕಲ್ಲ, ಕಟ್ಟುವುದಕ್ಕೆ.

“ಉರೀತದೆ, ಉರಿಯಲ್ಲ ಅಂತಲ್ಲ,” ಎನ್ನುತ್ತಿದ್ದರು. “ಆದ್ರೆ ತೊಲೆ ಕಿತ್ತು ಒಲೆಗಿಟ್ಟವನ ಮನೇಲಿ ಬೆಂಕಿ ಇರ್ತದೆ, ಮನೆ ಇರಲ್ಲ.”

ಇನ್ನೊಂದು ಮಾತೂ ಆ ಪಾಠದಲ್ಲಿತ್ತು. ರಾಗಿಯನ್ನು ನೆಲದೊಳಗೆ ಕೂಡಿಡುವ ಹಗೇವನ್ನು ನಮ್ಮ ಸೀಮೆಯಲ್ಲಿ ನೋಡದವರಿಲ್ಲ. “ಯಕೃತ್ತು ನಮ್ಮೊಳಗಿನ ಹಗೇವು. ಉಂಡಾಗ ತುಂಬ್ಕೋತದೆ. ಉಣ್ದೆ ಇದ್ದಾಗ, ಜ್ವರ ಬಂದಾಗ, ನಿನ್ನ ಅಪ್ಪಣೆ ಕೇಳ್ದೆ ಬಾಯಿ ತೆಗೆದು ಸಕ್ಕರೇನ ರಕ್ತಕ್ಕೆ ಸುರೀತದೆ.” ಈ ವಾಕ್ಯವನ್ನು ನಾನು ನನ್ನ ತರಗತಿಯಲ್ಲಿ ಕುಳಿತೇ ಎಷ್ಟೋ ವರ್ಷ ಕೇಳಿದೆ. ಅವರ ದನಿ ಗೋಡೆ ದಾಟಿ ಬರುವಂಥದು.

ಗೋಡೆ ದಾಟಿ ಅವರ ಮನೆಗೂ ಹೋಗುತ್ತಿತ್ತು. ವಿಜ್ಞಾನದ ಕೊಠಡಿಯ ಹಿಂದಿನ ಕಿಟಕಿ ಅವರ ಹಿತ್ತಲಿಗೆ ತೆರೆಯುತ್ತಿತ್ತು. ಅಕ್ಕ ಅವರೆಕಾಯಿ ಬಿಡಿಸುತ್ತಲೋ ರಾಗಿ ಕೇರುತ್ತಲೋ ಆ ಕಿಟಕಿಯ ಕೆಳಗೆ ಕುಳಿತು ಪಾಠ ಕೇಳುತ್ತಿದ್ದರು. ಓದು ನಾಲ್ಕನೆಯ ತರಗತಿಗೇ ನಿಂತಿದ್ದರೂ ಆಹಾರದ ಪಾಠವನ್ನು ಅವರು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವರಾಗಿದ್ದರು. ನಾನು ಅಲ್ಲಿ ಊಟಕ್ಕೆ ಕುಳಿತ ಒಂದು ದಿನ, ಗಂಡನ ಮುಂದೆ ಮುದ್ದೆಯನ್ನೂ ತುಪ್ಪದ ಗಿಂಡಿಯನ್ನೂ ಹಿಡಿದು ನಿಂತು, “ಏನಿಕ್ಲಿ ಮೇಷ್ಟ್ರಿಗೆ? ಪುಳ್ಳೆಯೋ, ಕೊರಡೋ?” ಎಂದು ಕೇಳಿದ್ದರು. ಮಂಜುಳ ಉಸಿರುಗಟ್ಟುವಂತೆ ನಕ್ಕಿದ್ದಳು. ಆ ಮನೆಯಲ್ಲಿ ಅಂಥ ನಗುವಿದ್ದ ಕಾಲವೂ ಒಂದಿತ್ತು ಎಂಬುದಕ್ಕಾಗಿ ಇದನ್ನು ಬರೆದಿಟ್ಟಿದ್ದೇನೆ.

ಮಂಜುಳ ಮಾಧ್ಯಮಿಕ ಶಾಲೆಯ ಹುಡುಗಿ. ಒಂದು ವರ್ಷ ಅವಳು ಇದ್ದಕ್ಕಿದ್ದಂತೆ ಇಳಿದುಹೋದಳು. ಊಟ ಕಡಮೆಯಾಗಿರಲಿಲ್ಲ, ಅಪ್ಪನಿಗಿಂತ ಹೆಚ್ಚು ಉಣ್ಣುತ್ತಿದ್ದಳು, ಬಿಂದಿಗೆಗೆ ಬಾಯಿಟ್ಟಂತೆ ನೀರು ಕುಡಿಯುತ್ತಿದ್ದಳು. ಜಂತುಹುಳುವೆಂದು ಅಕ್ಕ ಬೇವಿನ ರಸ ಕುಡಿಸಿದರು. ಬಚ್ಚಲಿನ ಮೂಲೆಯಲ್ಲಿ ಇರುವೆ ಸಾಲುಗಟ್ಟಿದ್ದನ್ನು ಮೇಷ್ಟರು ಒಂದು ಬೆಳಿಗ್ಗೆ ಕಂಡರು. ಅಂದು ಅವರು ಮಗಳ ಮೂತ್ರವನ್ನು ಶಾಲೆಯ ಪ್ರಯೋಗಶಾಲೆಗೆ ತಂದು, ನೀಲಿ ದ್ರಾವಣದೊಡನೆ ಕಾಯಿಸಿದರು. ನೀಲಿ ಉಳಿದರೆ ಸಕ್ಕರೆಯಿಲ್ಲ. ಹಸಿರು, ಹಳದಿಯಾದರೆ ಇದೆ. ಇಟ್ಟಿಗೆಯ ಕೆಂಪಾದರೆ ಬಹಳ ಇದೆ. ಇಟ್ಟಿಗೆಯ ಕೆಂಪಾಯಿತು. ಮೈಸೂರಿನ ವೈದ್ಯರೂ ಸಕ್ಕರೆ ಕಾಯಿಲೆಯೆಂದೇ ಹೇಳಿದರು.

ಅಲ್ಲಿಂದ ಬಂದ ಮೇಲೆ ಮೇಷ್ಟರು ಉಪಾಧ್ಯಾಯರ ಕೊಠಡಿಯಲ್ಲಿ ನನ್ನೆದುರು ಕುಳಿತು, “ಮಗು ಮೈಯಲ್ಲಿ ಸೌದೆ ತುಂಬಿ ತುಳುಕ್ತಾ ಅದೆ ಮೇಡಂ, ಒಲೆ ಬಾಗಿಲು ತೆಗೆಯೋರಿಲ್ಲ,” ಎಂದರು. “ಅದಕ್ಕೆ ಅವಳ ಮೈ ತೊಲೆ ಕೀಳ್ತಾ ಅದೆ.” ಆ ಬಾಗಿಲನ್ನು ತೆರೆಯುವ ವಸ್ತುವೇ ಇನ್ಸುಲಿನ್ ಎಂದೂ, ಅದನ್ನಿನ್ನು ದಿನವೂ ಸೂಜಿಯಿಂದ ಒಳಗೆ ಕಳಿಸಬೇಕೆಂದೂ ವಿವರಿಸಿದರು. ವಿವರಿಸುವಾಗ ಅವರ ಕಣ್ಣು ಕಿಟಕಿಯ ಮೇಲಿತ್ತು, ನನ್ನ ಮೇಲಿರಲಿಲ್ಲ.

ಆ ಔಷಧ ಬಿಸಿಗೆ ಕೆಡುತ್ತದೆ. ಅಕ್ಕ ಒಂದು ಮಡಕೆಯಲ್ಲಿ ಮರಳು ತುಂಬಿ, ಅದನ್ನು ಸದಾ ಒದ್ದೆಯಾಗಿಟ್ಟು, ನಡುವೆ ಸೀಸೆಯನ್ನು ಹೂತಿಡುತ್ತಿದ್ದರು. ಗಾಜಿನ ಪಿಚಕಾರಿಯನ್ನೂ ಸೂಜಿಯನ್ನೂ ಕುದಿಸಲು ಬೇರೆ ಪಾತ್ರೆ. ಅದರಲ್ಲಿ ಬೇರೇನನ್ನೂ ಬೇಯಿಸುತ್ತಿರಲಿಲ್ಲ. ಮಗಳಿಗೆ ಚುಚ್ಚಲು ಮೇಷ್ಟರಿಗೆ ಧೈರ್ಯ ಸಾಲದೆ ಅಕ್ಕನೇ ಚುಚ್ಚುತ್ತಿದ್ದರು. ನೀಲಿ ದ್ರಾವಣವನ್ನು ಕಾಯಿಸಿ ಬಣ್ಣ ನೋಡುವುದನ್ನೂ ಕಲಿತರು. ಮಂಜುಳ ಮತ್ತೆ ಮೈಕೈ ತುಂಬಿಕೊಂಡಳು. ಶಾಲೆಯಲ್ಲಿ ಗೆಳತಿಯರು, “ಏನೇ, ದಿನಾ ಸೂಜಿ ಚುಚ್ಚಿಸ್ಕೊಳ್ಳೋಕೆ ನೀನೇನು ಎಮ್ಮೇನೆ?” ಎಂದು ರೇಗಿಸಿದರೆ, “ಊಂ ಕಣೇ, ಹಾಲು ಕರ್ಕೊಂಡೋಗು ಬಾ,” ಎನ್ನುತ್ತಿದ್ದಳು.

ಒಂದು ಬೆಳಿಗ್ಗೆ ಸೂಜಿ ಹಾಕಿಸಿಕೊಂಡವಳು ಊಟಕ್ಕೆ ಕೂರದೆ, ಬೀದಿಯಲ್ಲಿ ಲಾರಿಗೆ ಹೊಗೆಸೊಪ್ಪಿನ ಬೇಲುಗಳನ್ನು ಏರಿಸುವುದನ್ನು ನೋಡಲು ಓಡಿದಳು. ಅಲ್ಲಿಯೇ ಕುಸಿದಳು. ಮೈಯೆಲ್ಲ ಬೆವರು, ಹಲ್ಲು ಕಚ್ಚಿಕೊಂಡಿತ್ತು. ಮೇಷ್ಟರು ತರಗತಿಯಿಂದ ಓಡಿಬಂದು, ಅವಳ ಕೆನ್ನೆಯ ಒಳಗೆ ಬೆಲ್ಲದ ಪುಡಿ ತಿಕ್ಕಿ ತಿಕ್ಕಿ ಕಣ್ಣು ತೆರೆಸಿದರು. ಬಾಗಿಲು ತೆರೆದಿತ್ತು, ಒಳಗೆ ಹೋಗಲು ಸೌದೆಯಿರಲಿಲ್ಲ. ಇದ್ದ ಸಕ್ಕರೆಯೂ ಬರಿದಾಗಿತ್ತು. ಅಕ್ಕ ಅಂದು ಇಡೀ ದಿನ ಮಗಳ ಕೈಯನ್ನು ಬಿಡಲಿಲ್ಲ.

ಆಗ ಮೇಷ್ಟರು ಮನೆಗೊಂದು ಕಟ್ಟಳೆ ಮಾಡಿದರು. ನಾನು ಅಲ್ಲಿಯೇ ಇದ್ದೆ. “ಇವತ್ತಿಂದ ತಟ್ಟೆ ಖಾಲಿ ಆಗೋದನ್ನ ಕಣ್ಣಲ್ಲಿ ನೋಡಿದ ಮೇಲೇ ಸೂಜಿ. ಊಟ ಇಲ್ವಾ, ಸೂಜಿನೂ ಇಲ್ಲ. ತಿಳೀತಾ?” ಅಕ್ಕ ತಲೆಯಾಡಿಸಿದರು. ಕಣ್ಣೆದುರು ಮಗಳು ಸತ್ತು ಬದುಕಿದ್ದನ್ನು ಕಂಡ ಯಾರಿಗಾದರೂ ಅದಕ್ಕಿಂತ ಸರಿಯಾದ ಕಟ್ಟಳೆ ತೋಚುತ್ತಿರಲಿಲ್ಲ. ಅಕ್ಕ ಅದನ್ನು ವ್ರತದಂತೆ ನಡೆಸಿದರು. ತಟ್ಟೆಯನ್ನು ಮಗಳ ಮುಂದಿಟ್ಟು, ಕೊನೆಯ ತುತ್ತಿನವರೆಗೆ ಎದುರಿಗೆ ಕುಳಿತು, ಬಳಿಕ ಮಡಕೆಗೆ ಕೈ ಹಾಕುತ್ತಿದ್ದರು.

ಆ ಬೇಸಿಗೆಯಲ್ಲಿ ಎಸ್.ಎಸ್.ಎಲ್.ಸಿ. ಉತ್ತರಪತ್ರಿಕೆಗಳನ್ನು ತಿದ್ದಲು ನಮ್ಮಿಬ್ಬರಿಗೂ ಮೈಸೂರಿಗೆ ಕರೆ ಬಂತು. ಕೆಲಸ ಮುಗಿಸಿ ಒಂದೇ ಬಸ್ಸಿನಲ್ಲಿ ಹಿಂದಿರುಗಿದೆವು. ಅವರ ಕೈಚೀಲದಲ್ಲಿ ಮಗಳಿಗೆ ಕೊಂಡ ಸಣ್ಣ ಸೂಜಿಗಳಿದ್ದವು. ಇವು ಕಡಮೆ ನೋಯುತ್ತವಂತೆ ಎಂದು ದಾರಿಯುದ್ದಕ್ಕೂ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸಂಜೆ ಮನೆಯ ಮುಂದೆ ನೆರೆಯ ಹೆಂಗಸರು ನಿಂತಿದ್ದರು. ಒಬ್ಬ ಮುದುಕಿ ಮೇಷ್ಟರನ್ನು ಕಂಡು, “ಮಗೀಗೆ ಜರ ಬುಡ್ನೇ ಇಲ್ಲ ಕಣಪ್ಪ. ಒಂದ್ ತುತ್ತು ತಿಂದಿಲ್ಲ, ಆದ್ರೂ ಬಾಯಲ್ಲಿ ಅಣ್ಣಿನ ವಾಸ್ನೆ ಬತ್ತಾದೆ,” ಎಂದಳು.

ಆ ಮಾತು ಮುಗಿಯುವ ಮೊದಲೇ ಅವರ ಮುಖ ಕಂಡ ನನಗೆ ಅರ್ಥವಾಯಿತು. ಸಕ್ಕರೆಗೆ ಬಾಗಿಲು ಮುಚ್ಚಿದಾಗ ಮೈ ಬರಿಯ ಕೊಬ್ಬನ್ನೇ ಉರಿಸುತ್ತದೆ. ಆ ಉರಿಯಿಂದ ಹುಟ್ಟುವ ಆಮ್ಲ ರಕ್ತಕ್ಕೆ ವಿಷವಾಗುತ್ತದೆ. ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬರುತ್ತದೆ. ಅದನ್ನೂ ಅವರು ಪಾಠದಲ್ಲಿ ಹೇಳಿದ್ದರು. ಒಳಗೆ ಮಂಜುಳ ದೂರದಿಂದ ಓಡಿಬಂದವಳಂತೆ ಆಳವಾಗಿ ಉಸಿರೆಳೆಯುತ್ತ ಮಲಗಿದ್ದಳು. ಕೂಗಿದರೆ ಕಣ್ಣು ತೆರೆಯಲಿಲ್ಲ.

“ಸೂಜಿ?” ಎಂದರು ಮೇಷ್ಟರು.

“ಹೆಂಗೆ ಹಾಕ್ಲಿ ರೀ? ಜ್ವರ ಬಂದಾಗಿಂದ ಒಂದು ಅಗುಳು ಇಳೀಲಿಲ್ಲ, ಕುಡಿದಿದ್ದೆಲ್ಲ ವಾಂತಿ. ನೀವು ಹೇಳಿದ ಹಂಗೇ ನಿಲ್ಲಿಸಿದೆ.” ಅಕ್ಕ ಸೆರಗಿನಿಂದ ಮಗಳ ತುಟಿ ಒರೆಸುತ್ತಿದ್ದರು. “ಬಣ್ಣಾನೂ ನೋಡ್ದೆ. ಊಟವೇ ಇಲ್ಲ, ಆದ್ರೂ ಇಟ್ಟಿಗೆ ಕೆಂಪೇ ಬಂತು. ಕಾಯಿಸೋದ್ರಲ್ಲಿ ನಾನೇ ಎಲ್ಲೋ ತಪ್ಪಿದೀನಿ ಅಂತ ಮತ್ತೊಂದ್ಸಲ ಕಾಯಿಸ್ದೆ. ಅದೂ ಕೆಂಪು.”

ಮೇಷ್ಟರು ಮರಳಿನಿಂದ ಸೀಸೆ ತೆಗೆದು ಅಳೆದರು. ತಾವೇ ಸೂಜಿ ಹಾಕಿದರು. ಹೊಗೆಸೊಪ್ಪಿನ ಲಾರಿಯೊಂದನ್ನು ಬೇಡಿ ತಂದು, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೈಸೂರಿಗೆ ಹೊರಟರು. ನಾನೂ ಅಕ್ಕನೂ ಜೊತೆಯಲ್ಲಿದ್ದೆವು. ಹುಣಸೂರು ಸೇರುವ ಮೊದಲೇ ಆ ದೊಡ್ಡ ಉಸಿರು ನಿಂತಿತು. ಚಾಲಕ ಲಾರಿಯನ್ನು ಪಕ್ಕಕ್ಕೆ ನಿಲ್ಲಿಸಿ ಇಳಿದು, ತಲೆಯ ಟವಲನ್ನು ಕೈಯಲ್ಲಿ ಹಿಡಿದುಕೊಂಡು ದೂರ ಹೋಗಿ ನಿಂತ.

“ನಿಮ್ಮ ಮಾತು ಒಂದಕ್ಷರ ಮೀರಲಿಲ್ಲ ಕಣ್ರೀ ನಾನು,” ಎಂದರು ಅಕ್ಕ. “ಎಲ್ಲಾ ನೀವು ಹೇಳಿದ ಹಂಗೇ ಮಾಡ್ದೆ. ಆದ್ರೂ ಹಿಂಗ್ಯಾಕಾಯ್ತು?”

“ಜ್ವರ,” ಎಂದರು ಮೇಷ್ಟರು. “ಕೆಟ್ಟ ಜ್ವರ. ನೀನು ಮಾಡಿದ್ದೆಲ್ಲ ಸರಿ.”

ಶಾಲೆ ಮತ್ತೆ ತೆರೆದ ದಿನ ಅವರು ನನ್ನನ್ನು ಪ್ರಯೋಗಶಾಲೆಗೆ ಕರೆದರು. “ಹಗೇವು ಮೇಡಂ,” ಎಂದರು. “ಜ್ವರದಲ್ಲಿ ಹಗೇವು ತಾನೇ ಬಾಯಿ ತೆಗೀತದೆ ಅಂತ ಅಷ್ಟು ವರ್ಷದಿಂದ ಹೇಳ್ತಾ ಬಂದೋನು ನಾನು. ಬಾಯಿಗೆ ಊಟ ಇಲ್ದಿದ್ರೂ ರಕ್ತದಲ್ಲಿ ಸಕ್ಕರೆ ಇರ್ತದೆ. ಉಣ್ಣದ ದಿನವೇ ಸೂಜಿ ಬೇಕಿತ್ತು. ನಮ್ಮನೆಯವಳು ಇಟ್ಟಿಗೆ ಕೆಂಪು ಕಂಡ್ಳು. ಕಣ್ಣಿಂದ ಕಂಡ್ಳು. ನನ್ನ ಮಾತು ನಂಬಿ, ತನ್ನ ಕಣ್ಣನ್ನ ಬಿಟ್ಲು.” ಬಾಗಿಲು ಮುಚ್ಚಿ ಬಂದು, “ಇದು ಅವಳಿಗೆ ಗೊತ್ತಾಗಬಾರದು. ಸೂಜಿ ಹಿಡಿದಿದ್ದ ಕೈ ಅವಳದು. ಗೊತ್ತಾದ್ರೆ ಬದುಕಲ್ಲ,” ಎಂದರು. ನಾನು ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಟ್ಟೆ.

ಆಮೇಲೆ ಆಹಾರದ ಪಾಠ ಆ ಕೊಠಡಿಯಲ್ಲಿ ನಡೆಯಲಿಲ್ಲ. ಅದರ ದಿನ ಬಂದಾಗ ಅವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಊರಾಚೆಯ ಬ್ಯಾರನ್ನಿಗೆ ಕರೆದೊಯ್ದು, ಉರಿಯುವ ಒಲೆಯ ಮುಂದೆ ಪಾಠ ಹೇಳುತ್ತಿದ್ದರು. ಒಮ್ಮೆ ಬಂದ ಶಾಲೆಗಳ ತನಿಖಾಧಿಕಾರಿಗಳು ಆ ಬೋಧನಕ್ರಮವನ್ನು ಸಭೆಯಲ್ಲಿ ಹೊಗಳಿದರು. ಹೊಗಳಿಕೆಯನ್ನು ಅವರು ತಲೆ ತಗ್ಗಿಸಿ ಕೇಳಿದರು. ಹಿತ್ತಲಿನ ಕಿಟಕಿಯ ಕೆಳಗೆ ಹೆಂಡತಿ ಕುಳಿತಿರುತ್ತಾಳೆ, ಹಗೇವಿನ ಮಾತು ಅವಳ ಕಿವಿಗೆ ಬೀಳಬಾರದು, ಅಷ್ಟೇ ಅದರ ಕಾರಣವೆಂಬುದು ನನಗೆ ಮಾತ್ರ ಗೊತ್ತಿತ್ತು.

ಅಕ್ಕ ಮಗಳ ಮಡಕೆಯ ಮರಳಿಗೆ ದಿನವೂ ನೀರು ಚಿಮುಕಿಸುತ್ತಿದ್ದರು. ಅದರಲ್ಲಿ ಏನೂ ಇರಲಿಲ್ಲ.

ಎಪ್ಪತ್ತರ ದಶಕ ಮೊದಲಾಗುವ ಹೊತ್ತಿಗೆ ನನ್ನ ರವಿಕೆಗಳು ಸಡಿಲವಾದವು. ಒಂದು ಪಾಠ ಮುಗಿಯುವಷ್ಟರಲ್ಲಿ ಎರಡು ಬಾರಿ ನೀರು ಕುಡಿಯುತ್ತಿದ್ದೆ. ಉಪಾಧ್ಯಾಯರ ಕೊಠಡಿಯಲ್ಲಿ ಮೇಷ್ಟರು ನನ್ನ ಲೋಟವನ್ನು ನೋಡುತ್ತಿದ್ದರು.

“ನಿಮ್ಮನೇಲಿ ಬಚ್ಚಲಿಗೆ ಇರುವೆ ಬರ್ತವಾ ಮೇಡಂ?”

ಅಂಥ ಪ್ರಶ್ನೆಯನ್ನು ಒಬ್ಬ ಹೆಣ್ಣುಮಗಳಿಗೆ ಕೇಳುವುದು ಸಭ್ಯವಲ್ಲವೆಂದು ನಾನು ಸಿಡುಕಿದೆ. ಅವರು ನಗಲಿಲ್ಲ, ಕ್ಷಮೆ ಕೇಳಲೂ ಇಲ್ಲ. “ನಾಳೆ ಮೈಸೂರಿಗೆ ಹೋಗಿ,” ಎಂದರು. ಹೋದೆ. ನನಗೂ ಅದೇ ಕಾಯಿಲೆ, ಅದೇ ಸೂಜಿ.

ಅಕ್ಕ ಅಂದಿನಿಂದ ದಿನವೂ ಬೆಳಿಗ್ಗೆ ನಮ್ಮ ಮನೆಗೆ ಬಂದು ನನಗೆ ಸೂಜಿ ಹಾಕತೊಡಗಿದರು. ನಾನೇ ಕಲಿಯುತ್ತೇನೆಂದರೂ ಕೇಳಲಿಲ್ಲ. “ನನ್ನ ಕೈ ಸುಮ್ನೆ ಬಿದ್ದದೆ ಟೀಚರಮ್ಮ, ಕೆಲಸ ಕೊಡಿ,” ಎಂದರು. ಒದ್ದೆ ಮರಳಿನ ಮಡಕೆ ನಮ್ಮ ಅಡಿಗೆಮನೆಗೆ ಬಂತು. ನಾನು ಉಂಡು ಮುಗಿಸುವವರೆಗೆ ಎದುರಿಗೇ ಕೂರುತ್ತಿದ್ದರು. ತಟ್ಟೆಯಲ್ಲಿ ಅಗುಳು ಬಿಟ್ಟರೆ ಗದರುತ್ತಿದ್ದರು. ಅವರ ಮುಖದಲ್ಲಿ ಏನೋ ಒಂದಿಷ್ಟು ಮರಳಿ ಬರುತ್ತಿತ್ತು. ಮೇಷ್ಟರು ಅದನ್ನು ದೂರದಿಂದ ನೋಡುತ್ತಿದ್ದರು. ಆ ಮುಖ ಹಾಗೆಯೇ ಉಳಿಯಲೆಂದು ಅವರು ಎಷ್ಟು ಬಯಸುತ್ತಿದ್ದರೆಂಬುದನ್ನು ನಾನು ಬಲ್ಲೆ.

ಮರುವರ್ಷದ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಕುಡಿದ ಗಂಜಿಯೂ ನಿಲ್ಲದೆ ವಾಂತಿಯಾಯಿತು. ಬೆಳಿಗ್ಗೆ ಅಕ್ಕ ಬಂದು ತಟ್ಟೆ ನೋಡಿದರು, ನನ್ನನ್ನು ನೋಡಿದರು. ಕುದಿಸಿದ ಪಿಚಕಾರಿಯನ್ನು ಮತ್ತೆ ಪಾತ್ರೆಯೊಳಗಿಟ್ಟು ಮುಚ್ಚಿದರು.

“ಇವತ್ತು ಬೇಡ. ಊಟ ಇಲ್ದೆ ಸೂಜಿ ಹಾಕಿದ್ರೆ ಪ್ರಾಣಕ್ಕೇ ಬರ್ತದೆ.”

“ಇರಲಿ ಅಕ್ಕ, ಸ್ವಲ್ಪವಾದರೂ ಹಾಕಿ,” ಎಂದೆ.

“ಸುಮ್ನಿರಿ ನೀವು. ಪುಸ್ತಕ ತಿದ್ದಿದಂಗಲ್ಲ ಇದು. ಮಂಜುಳಂಗೆ ಹಾಕಿದ ಕೈ ಇದು, ನಂಗೆ ಹೇಳಿಕೊಡ್ತೀರಾ?”

ಯಾಕೆ ಹಾಕಬೇಕೆಂಬುದನ್ನು ಹೇಳಿದರೆ ಆಕೆಗೆ ಎಲ್ಲವೂ ತಿಳಿಯುತ್ತದೆ. ಮಾತು ನಾಲಿಗೆಯವರೆಗೆ ಬಂದು ನಿಂತಿತು. ಅದೇ ಹೊತ್ತಿಗೆ ಮಂಪರು ಕವಿಯತೊಡಗಿತ್ತು. ನನ್ನ ಉಸಿರು ನನಗೇ ದೊಡ್ಡದಾಗಿ ಕೇಳಿಸುತ್ತಿತ್ತು. ನನ್ನ ತಾಯಿ ಗಾಬರಿಯಿಂದ ಶಾಲೆಗೆ ಹೋಗಿ ಮೇಷ್ಟರನ್ನು ಕರೆತಂದರು. ಅವರು ಸೀಮೆಸುಣ್ಣದ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತರು. ನನ್ನ ಕಡೆಗೆ ಬಾಗಿ ಉಸಿರನ್ನು ಮೂಸಿದರು.

“ಸೂಜಿ ಹಾಕು,” ಎಂದರು ಹೆಂಡತಿಗೆ.

“ಏನ್ರೀ ಹಿಂಗಂತೀರಿ? ಒಂದು ತುತ್ತು ತಿಂದಿಲ್ಲ ಅವರು.”

“ಗೊತ್ತು. ಹಾಕು.”

“ನೀವೇ ಅಲ್ವಾ ಹೇಳಿದ್ದು, ಊಟ ಇಲ್ದಿದ್ರೆ ಸೂಜಿ ಇಲ್ಲ ಅಂತ?”

“ನಾನೇ ಹೇಳಿದ್ದು.”

“ಮತ್ತೆ?”

ಅವರು ಗೋಡೆಗೆ ಕೈ ಊರಿದರು. ಅಲ್ಲಿ ಐದು ಬೆರಳುಗಳ ಬಿಳಿ ಗುರುತು ಮೂಡಿತು. ಸುಳ್ಳೊಂದನ್ನು ಹುಡುಕಲು ಅವರಿಗೆ ಆಗ ಸಮಯವಿತ್ತು. ಇದು ಹೊಸ ಔಷಧ ಎನ್ನಬಹುದಿತ್ತು. ದೊಡ್ಡವರಿಗೆ ಬೇರೆ ನಿಯಮ ಎನ್ನಬಹುದಿತ್ತು. ಹಾಗೆಂದಿದ್ದರೆ ಆಕೆ ನಂಬುತ್ತಿದ್ದರು. ಆದರೆ ಆಕೆಯ ಸೂಜಿಯ ಕೈಗುಣದ ಹೆಸರು ಅಷ್ಟರಲ್ಲಿ ಸುತ್ತಿನ ಹಳ್ಳಿಗಳಿಗೆ ಮುಟ್ಟಿತ್ತು. ಕಾಯಿಲೆಯ ಮಕ್ಕಳ ತಾಯಂದಿರು ಬಂದು ಆಕೆಯನ್ನು ಕೇಳಿ ಹೋಗುತ್ತಿದ್ದರು. ಆ ಕಟ್ಟಳೆ ಆಕೆಯ ಬಾಯಿಂದ ಎಷ್ಟು ಮನೆಗಳಿಗೆ ಹೋಗಿತ್ತೋ, ಇನ್ನೆಷ್ಟು ಮನೆಗಳಿಗೆ ಹೋಗಲಿತ್ತೋ.

“ನಾನು ಹೇಳಿದ್ದು ತಪ್ಪು,” ಎಂದರು. “ಜ್ವರದಲ್ಲಿ ಊಟ ಇಲ್ದಿದ್ರೂ ಸೂಜಿ ಬೇಕು. ಆಗಲೇ ಜಾಸ್ತಿ ಬೇಕು. ನಿಲ್ಲಿಸಬಾರದು. ಯಾರಿಗೂ ನಿಲ್ಲಿಸು ಅಂತ ಹೇಳಬೇಡ.”

ಅಕ್ಕ ಪಾತ್ರೆಯ ಮುಚ್ಚಳ ತೆಗೆದರು. ಮರಳಿನಿಂದ ಸೀಸೆ ತೆಗೆದು, ಬೆಳಕಿಗೆ ಹಿಡಿದು, ಗಂಡ ಹೇಳಿದಷ್ಟನ್ನು ಅಳೆದು ನನಗೆ ಚುಚ್ಚಿದರು. ಹತ್ತಿಯಿಂದ ಒತ್ತಿ ಹಿಡಿದರು. ಪಿಚಕಾರಿಯನ್ನು ತೊಳೆದಿಟ್ಟರು. ಆಮೇಲೆ ಗಂಡನ ಕಡೆಗೆ ತಿರುಗಿದರು.

“ಹಂಗಾದ್ರೆ ಮಂಜುಳಂಗೆ?”

ಅವರು ಗೋಡೆಯ ಮೇಲಿನ ಬಿಳಿ ಗುರುತನ್ನು ಅಂಗೈಯಿಂದ ಒರೆಸತೊಡಗಿದರು.

“ಲಾರೀಲಿ ಕೇಳ್ದೆ ನಿಮ್ಮನ್ನ. ಆಗ ಗೊತ್ತಿತ್ತಾ ನಿಮಗೆ?”

ಅವರು ತಲೆ ತಗ್ಗಿಸಿದರು. ಅಕ್ಕ ಸೆರಗು ಹೊದ್ದುಕೊಂಡು ಮನೆಗೆ ಹೋದರು. ನನ್ನನ್ನು ಮೈಸೂರಿಗೆ ಸಾಗಿಸಿದರು. ವೈದ್ಯರು, ಬೆಳಿಗ್ಗೆಯ ಸೂಜಿ ಬಿದ್ದಿರದಿದ್ದರೆ ಬಂದು ತಲುಪುತ್ತಿರಲಿಲ್ಲ ಎಂದರು.

ನಾನು ಹಿಂದಿರುಗಿದಾಗ ಪಕ್ಕದ ಮನೆಯಲ್ಲಿ ಜಗಳವಿರಲಿಲ್ಲ, ಅಳುವಿರಲಿಲ್ಲ. ಅಕ್ಕ ಅಡಿಗೆ ಮಾಡುತ್ತಿದ್ದರು, ಬಡಿಸುತ್ತಿದ್ದರು. ಗಂಡ ಉಣ್ಣುವಾಗ ಎದುರಿಗೆ ಕೂರುತ್ತಿರಲಿಲ್ಲ. ನನಗೆ ಸೂಜಿ ಹಾಕಲು ಮತ್ತೆ ಬರಲಿಲ್ಲ, ನಾನೇ ಕಲಿತೆ. ಕೆಲವು ತಿಂಗಳ ನಂತರ ತಮ್ಮನ ಮನೆಗೆಂದು ಸರಗೂರಿಗೆ ಹೋದವರು ಹಿಂದಿರುಗಲಿಲ್ಲ. ಮೇಷ್ಟರು ಎರಡು ಸಲ ಕರೆಯಲು ಹೋಗಿ ಒಬ್ಬರೇ ಬಸ್ಸಿಳಿದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಉಣ್ಣತೊಡಗಿದರು. ಆಮೇಲೆ ಉಂಡಂತೆ ಮಾಡತೊಡಗಿದರು. ಅಂಗಿಯೊಳಗೆ ಮೈ ಕಡಮೆಯಾಗುತ್ತ ಬಂತು. “ಏನಾದರೂ ತಿನ್ನಿ,” ಎಂದು ನನ್ನ ತಾಯಿ ಡಬ್ಬಿ ಕಳಿಸಿದರೆ ತೊಳೆದು ಹಿಂದಿರುಗಿಸುತ್ತಿದ್ದರು. ಡಬ್ಬಿಯ ಊಟವನ್ನು ಬೀದಿಯ ನಾಯಿ ಉಣ್ಣುತ್ತಿದ್ದುದನ್ನು ತಾಯಿ ಕಂಡರು, ಕಳಿಸುವುದನ್ನು ಬಿಡಲಿಲ್ಲ.

ಪಾಠವನ್ನು ಅವರು ಮತ್ತೆ ಕೊಠಡಿಯಲ್ಲೇ ಮಾಡತೊಡಗಿದರು. ಇನ್ನು ಯಾರಿಂದ ಮುಚ್ಚಿಡಬೇಕಿತ್ತು? ಹಗೇವಿನ ಮಾತು ಬಂದಾಗ ನಿಲ್ಲಿಸಿ, ಸಕ್ಕರೆ ಕಾಯಿಲೆಯವರು ಜ್ವರದಲ್ಲಿ ಉಣ್ಣದಿದ್ದರೂ ಸೂಜಿ ಬಿಡಬಾರದೆಂದು ಮಕ್ಕಳಿಂದ ಒಟ್ಟಾಗಿ ಹೇಳಿಸುತ್ತಿದ್ದರು. ಅದು ಪರೀಕ್ಷೆಗೆ ಬರುವ ವಿಷಯವಲ್ಲ. “ಯಾಕ್ ಸಾ ಇದು?” ಎಂದು ಕೇಳಿದ ಹುಡುಗನಿಗೆ, “ಮನೇಲಿ ಹೇಳೋಕೆ ಕಣಪ್ಪ,” ಎಂದರು. ಅವನನ್ನು ರೇಗಿಸಲಿಲ್ಲ. ರೇಗಿಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಒಂದು ಮಾಗಿಯಲ್ಲಿ ಅವರು ತೀರಿಕೊಂಡರು. ಎದೆಗೆ ಕಫ ಕಟ್ಟಿತೆಂದರು. ಹೋರಾಡಲು ಆ ಮೈಯಲ್ಲಿ ಏನೂ ಉಳಿದಿರಲಿಲ್ಲ. ಸರಗೂರಿನಿಂದ ಅಕ್ಕನ ತಮ್ಮ ಬಂದು ಕರ್ಮ ಮಾಡಿದ. ಅಕ್ಕ ಬರಲಿಲ್ಲ.

ತಿಂಗಳು ಕಳೆದ ಮೇಲೆ ನಾನೇ ಸರಗೂರಿಗೆ ಹೋದೆ. ಅಕ್ಕ ಜಗುಲಿಯ ಮೇಲೆ ಹುರುಳಿ ಹಸನು ಮಾಡುತ್ತಿದ್ದರು. ಮಣೆ ಕೊಟ್ಟರು, ನೀರು ಕೊಟ್ಟರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಜೋಡಿಸಿಕೊಂಡು ಹೋಗಿದ್ದೆ. ಅವು ಒಂದೂ ನಿಲ್ಲಲಿಲ್ಲ. ಮೇಷ್ಟರು ನಿಮ್ಮನ್ನು ಉಳಿಸಲೆಂದೇ ಸುಳ್ಳು ಹೇಳಿದರು ಎಂದೆ.

“ಗೊತ್ತು,” ಎಂದರು ಅಕ್ಕ. “ಸುಳ್ಳು ಹೇಳಿದ್ದು ನನ್ನ ಉಳಿಸೋಕೆ. ನಿಜ ಹೇಳಿದ್ದು ನಿಮ್ಮನ್ನ ಉಳಿಸೋಕೆ. ಅವರು ಯಾವ ತಪ್ಪು ಮಾಡಿದ್ರು ಹೇಳಿ? ನಾನು ಯಾವ ತಪ್ಪು ಮಾಡ್ದೆ? ನೀವು ಯಾವುದು ಮಾಡಿದ್ರಿ? ಯಾರದೂ ತಪ್ಪಿಲ್ಲ ಟೀಚರಮ್ಮ. ಮಗು ಹೋಯ್ತು, ಅವರು ಹೋದ್ರು.”

ಮೊರವನ್ನು ಕೆಳಗಿಟ್ಟು ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿದರು.

“ಜ್ವರ ಬಂದ್ರೆ ಸೂಜಿ ಬಿಡಲ್ಲ ತಾನೆ?”

“ಬಿಡುವುದಿಲ್ಲ.”

“ಬಿಡಬೇಡಿ,” ಎಂದು ಮತ್ತೆ ಮೊರವನ್ನು ಕೈಗೆತ್ತಿಕೊಂಡರು.

ಕೊನೆಯ ಬಸ್ಸಿಗೆ ಹೊರಟೆ. ಅಂದಿನಿಂದ ಎಷ್ಟೋ ಜ್ವರಗಳು ಬಂದು ಹೋಗಿವೆ. ಪ್ರತಿ ಬಾರಿಯೂ, ತಟ್ಟೆ ಮುಟ್ಟದೆ ಮಲಗಿರುವಾಗ, ಸೂಜಿಯನ್ನು ನಾನೇ ಚುಚ್ಚಿಕೊಳ್ಳುತ್ತೇನೆ. ಪ್ರತಿ ಬಾರಿಯೂ ಬದುಕುತ್ತೇನೆ. ಇದನ್ನು ಋಣವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಋಣವೆಂದರೆ ಅದನ್ನು ಮರಳಿ ಪಡೆಯುವವರೊಬ್ಬರು ಎಲ್ಲಾದರೂ ಇರಬೇಕು.